ಮೊದಲು ಕಾಜಾ, ಆಮೇಲೆ ಗುಂಡಿ

ನನ್ನ ಗಿಟಾರಿನ ಕುತ್ತಿಗೆ ಒಡಲನ್ನು ಸೇರುವ ಜಾಗದಲ್ಲಿ, ಮೇಲಿನ ಮಗ್ಗುಲಿಗೆ, ಒಂದು ನೀಲಿ ಗೀರು ಇದೆ. ಜೋಳದ ಕಾಳಿಗಿಂತ ಸ್ವಲ್ಪ ಉದ್ದ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ಖಡುವಿನದು. ಒದ್ದೆ ಬಟ್ಟೆಯಿಂದ ಒಮ್ಮೆ ಉಜ್ಜಿದರೆ ಹೋಗುತ್ತದೆ. ನಾನು ಉಜ್ಜಿಲ್ಲ. ವಾರಕ್ಕೊಮ್ಮೆ ಗಿಟಾರಿನ ದೂಳು ಒರೆಸುವಾಗ ಆ ಗೀರಿನ ಸುತ್ತ ಬಟ್ಟೆ ಆಡಿಸಿ ಮುಂದೆ ಹೋಗುತ್ತೇನೆ, ಮಲಗಿದವರನ್ನು ಎಬ್ಬಿಸದೆ ಕಸ ಗುಡಿಸಿದ ಹಾಗೆ.

ಗಿಟಾರಿನ ಗೊಡವೆ ಇಲ್ಲದವರಿಗೆ ಒಂದು ಮಾತು ಹೇಳಬೇಕು. ನಿಂತು ನುಡಿಸಬೇಕಾದರೆ ಅದನ್ನು ಹೆಗಲಿಗೆ ಹಾಕಿಕೊಳ್ಳಲು ಒಂದು ಪಟ್ಟಿ ಬೇಕು. ಪಟ್ಟಿಗೆ ಎರಡು ತುದಿ, ಎರಡು ತುದಿಗೂ ಅಂಗಿಗೆ ಇರುವಂಥದೇ ಸೀಳು, ಅಂದರೆ ಕಾಜಾ. ಒಂದು ಕಾಜಾವನ್ನು ಸಿಕ್ಕಿಸಲು ಗಿಟಾರಿನ ಬುಡದಲ್ಲಿ ಮೊದಲೇ ಒಂದು ಗುಂಡಿ ಇರುತ್ತದೆ. ಇನ್ನೊಂದನ್ನು ಎಲ್ಲಿ ಸಿಕ್ಕಿಸಬೇಕೆಂಬುದನ್ನು ನನ್ನ ಗಿಟಾರು ಮಾಡಿದವರು ನನ್ನ ವಿವೇಚನೆಗೆ ಬಿಟ್ಟಿದ್ದರು. ಅವರು ನನ್ನನ್ನು ಕಂಡಿರಲಿಲ್ಲ, ಹಾಗಾಗಿ ಬಿಟ್ಟರು. ಸೀರೆ ಅಂಗಡಿಯಲ್ಲಿ ಎರಡು ತಾಸು ಕೂತು ಬರಿಗೈಯಲ್ಲಿ ಎದ್ದು ಬರುವ ಹೆಂಗಸಿನ ವಿವೇಚನೆಗೆ ಏನನ್ನೂ ಬಿಡಬಾರದು.

ದಾರಿಗಳು ಎರಡು. ಒಂದು, ಪಟ್ಟಿಯ ತುದಿಗೆ ಲಾಡಿ ಕಟ್ಟಿ, ಅದನ್ನು ಗಿಟಾರಿನ ತಲೆಗೆ, ತಂತಿ ಬಿಗಿಯುವ ತಿರುಪುಗಳ ಹತ್ತಿರ, ಗಂಟು ಹಾಕುವುದು. ಬೇಡವೆನಿಸಿದಾಗ ಬಿಚ್ಚಬಹುದು. ಇನ್ನೊಂದು, ಕುತ್ತಿಗೆಯ ಬುಡದ ದಪ್ಪ ಕಟ್ಟಿಗೆಯಲ್ಲಿ ತೂತು ಕೊರೆದು ಗುಂಡಿ ಕೂಡಿಸುವುದು. ಕೊರೆದ ತೂತನ್ನು ಬಿಚ್ಚಲು ಬರುವುದಿಲ್ಲ.

ನಾನು ತೂತಿನ ಜಾತಿಯವಳಲ್ಲ. ಸಿಂದಗಿಯಲ್ಲಿ ಒಂದು ಬಾಡಿಗೆ ಖೋಲಿಯಲ್ಲಿದ್ದೇನೆ, ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಖೋಲಿ ಹಿಡಿದ ದಿನ ಮನೆಯ ಒಡತಿ, “ಗ್ವಾಡಿಗೆ ಮಳಿ ಹೊಡಿಬ್ಯಾಡ್ರಿ ಮತ್ತ” ಎಂದಿದ್ದರು. ಮೂರು ವರ್ಷವಾದರೂ ಒಂದು ಮೊಳೆ ಹೊಡೆದಿರಲಿಲ್ಲ. ಕ್ಯಾಲೆಂಡರು ಮೇಜಿನ ಮೇಲೆ ಗೋಡೆಗೊರಗಿ ಕೂತಿತ್ತು, ಕನ್ನಡಿ ಕಿಟಕಿಯ ಕಟ್ಟೆಯ ಮೇಲೆ. ಈಚೆಗೆ ಆ ಒಡತಿಯೇ ಒಳಗೆ ಬಂದು ಸುತ್ತ ನೋಡಿ, “ಒಂದೆರಡ ಹೊಡ್ಕೋರಿ, ಏನಾಗಂಗಿಲ್ಲ. ಮನಿ ಖಾಲಿ ಬಿದ್ದಂಗ ಕಾಣ್ತೈತಿ” ಎಂದರು. ಆಗಲೂ ಹೊಡೆಯಲಿಲ್ಲ. ಬಂದ ಗುರುತು ಎಲ್ಲಿಯೂ ಉಳಿಯದ ಹಾಗೆ ಇದ್ದು ಹೋಗುವುದು ನನಗೆ ಸಭ್ಯತೆ ಅನ್ನಿಸುತ್ತಿತ್ತು. ಗಿಟಾರನ್ನೂ ಹಾಗೆಯೇ ಇಟ್ಟಿದ್ದೆ. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ಬಿಟ್ಟುಹೋದದ್ದು ಅದು. ಬಾಗಿಲು ಹಾಕಿಕೊಂಡು, ಮಂಚದ ಮೇಲೆ ಕೂತು, ಮಗ್ಗುಲು ಖೋಲಿಗೆ ಕೇಳದಷ್ಟು ನುಡಿಸುತ್ತಿದ್ದೆ. ಇಂಡಿ ಊರಿನಲ್ಲಿರುವ ನಮ್ಮ ಮನೆಯವರಿಗೂ ನನಗೆ ಎಷ್ಟು ಬರುತ್ತದೆಂದು ಗೊತ್ತಿರಲಿಲ್ಲ.

ಹೀಗಿದ್ದವಳಿಗೆ ನಿಂತು ನುಡಿಸುವ ಹಟ ಯಾಕೆ ಬಂತು ಎಂದರೆ, ಹೋದ ವರ್ಷದ ಗ್ಯಾದರಿಂಗಿನಿಂದ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ನನ್ನ ಕ್ಲಾಸಿನ ರೇಣುಕಾ ತನ್ನ ಅಜ್ಜಿಯಿಂದ ಒಂದು ಬೀಸುವ ಪದ ಕಲಿತು ತಂದಿದ್ದಳು. ಅವಳೂ ಇನ್ನು ನಾಲ್ವರು ಹುಡುಗಿಯರೂ ಹಾಡುವುದು, ಹಿಂದೆ ನಾನು ಗಿಟಾರು ನುಡಿಸುವುದು ಎಂದಾಯಿತು. ಊಟದ ಬಿಡುವಿನಲ್ಲಿ ಲ್ಯಾಬಿನ ಬಾಗಿಲು ಮುಚ್ಚಿಕೊಂಡು ನಾಲ್ಕು ತಿಂಗಳು ಹಾಡಿಗೆ ಗಿಟಾರು ಕೂಡಿಸಿದೆವು. ಬೀಸುಕಲ್ಲಿನ ಸುತ್ತು ಗಿಟಾರಿನಲ್ಲಿ ಬರುವ ಹೊತ್ತಿಗೆ ನನ್ನ ಬೆರಳು ಜಡ್ಡುಗಟ್ಟಿದ್ದವು.

ಆ ದಿನ ವೇದಿಕೆಯ ಮೇಲೆ ನಾನು ಕುರ್ಚಿ ಹಾಕಿಕೊಂಡದ್ದು ಹಿಂದಿನ ಮೂಲೆಯಲ್ಲಿ. ಮುಂದೆ ಹಾರ, ಶಾಲು, ಕಾಣಿಕೆಗಳ ರಾಶಿ ಹೊತ್ತ ಮೇಜು ಇತ್ತು. ಆ ಜಾಗ ಯಾರೂ ತೋರಿಸಿದ್ದಲ್ಲ, ನಾನೇ ಹುಡುಕಿಕೊಂಡದ್ದು. ಹಾಡು ಚೆನ್ನಾಗಿಯೇ ಆಯಿತು. ಮುಗಿದ ಮೇಲೆ ಮುಖ್ಯ ಅತಿಥಿಗಳು, ಪ್ರತಿ ವರ್ಷವೂ ಬರುವ ನಿವೃತ್ತ ಹೆಡ್‌ಮಾಸ್ತರರು, ಮೈಕಿನ ಮುಂದೆ ನಿಂತು, “ಹುಡುಗ್ಯಾರು ಚಲೋ ಹಾಡ್ಯಾರ. ಅಷ್ಟs ಚಲೋ ಮ್ಯೂಜಿಕ್ ಹಚ್ಯಾನ ನಮ್ಮ ಮೈಕಿನಾವ. ಅವಗೂ ಒಂದ ಚಪ್ಪಾಳಿ ಹೊಡೀರಿ” ಎಂದರು. ಸಭೆ ಚಪ್ಪಾಳೆ ಹೊಡೆಯಿತು. ಮೈಕಿನವನು ಡಬ್ಬಿಗಳ ನಡುವಿನಿಂದ ಎದ್ದು ನಿಂತು, ಎರಡೂ ಕೈ ಜೋಡಿಸಿ, ಮೂರು ದಿಕ್ಕಿಗೂ ನಮಸ್ಕಾರ ಮಾಡಿದ.

ನಿಜ ಹೇಳಬೇಕು. ಆ ಕ್ಷಣ ನನಗೆ ಒಳಗೊಳಗೆ ನಿರಾಳವಾಯಿತು. ಸಿಕ್ಕಿಬೀಳಲಿಲ್ಲವಲ್ಲ ಎಂಬಂಥ ನಿರಾಳ. ವೇದಿಕೆಯ ಹಿಂದೆ ಬಂದರೆ ರೇಣುಕಾ ಅಳುತ್ತಿದ್ದಳು.

“ನಾಕ ತಿಂಗಳ ಕೂಡ್ಸೇವ್ರಿ ಮಿಸ್. ಪೆನ್‌ಡ್ರೈವ್ ಹಚ್ಯಾರಂತ ತಿಳದ್ರಲ್ರಿ ಅವ್ರು.”

“ಇರಲಿ ಬಿಡ. ಅವರಿಗೆ ಕಂಡಿಲ್ಲ.”

“ನೀವ್ಯಾಕ ಎದ್ದ ನಿಂದ್ರಲಿಲ್ರಿ?”

ನಾನು ಬಚ್ಚಿಟ್ಟುಕೊಂಡದ್ದು ನನ್ನನ್ನು ಮಾತ್ರ ಎಂದು ತಿಳಿದಿದ್ದೆ. ಆ ಹುಡುಗಿಯರ ನಾಲ್ಕು ತಿಂಗಳನ್ನೂ ಮೇಜಿನ ಹಿಂದೆ ಬಚ್ಚಿಟ್ಟಿದ್ದೆ. “ಬರೋ ವರ್ಷ ನಿಂತು ಬಾರಸ್ತೇನಿ” ಎಂದೆ. ಹೇಳಿದ ಮೇಲೆ ಹೇಳಿದ್ದೇ. ಬರೋ ವರ್ಷ ಎಂದರೆ ಈ ವರ್ಷ. ಈ ವರ್ಷ ಮುಗಿದರೆ ರೇಣುಕಾ ಕಾಲೇಜು ಮುಗಿಸಿ ಹೊರಡುತ್ತಾಳೆ, ಮತ್ತೊಂದು ಗ್ಯಾದರಿಂಗು ಅವಳಿಗಿಲ್ಲ.

ಮೊದಲು ಬಿಚ್ಚಲು ಬರುವ ದಾರಿ ಹಿಡಿದೆ. ಬೂಟಿನ ಲಾಡಿಯಿಂದ ಪಟ್ಟಿಯನ್ನು ಗಿಟಾರಿನ ತಲೆಗೆ ಕಟ್ಟಿದೆ. ಗಂಟು ನನ್ನ ಎಡಗೈಯ ತೋರುಬೆರಳಿಗೆ ತಾಕುತ್ತಿತ್ತು, ಪಟ್ಟಿ ಮುಖದ ಮುಂದೆಯೇ ಹಾದುಹೋಗುತ್ತಿತ್ತು, ಗಿಟಾರು ತುದಿಯಿಂದ ಹಿಡಿದೆಳೆದ ಹಾಗೆ ಅಡ್ಡಡ್ಡ ಬರುತ್ತಿತ್ತು. ರೇಣುಕಾ ನೋಡಿ, “ಆಡಿಗೆ ಕಣ್ಣಿ ಹಾಕಿದಂಗ ಕಾಣ್ತೈತ್ರಿ ಮಿಸ್” ಎಂದಳು. ಬಿಚ್ಚಿದೆ.

ಹಾಗಾದರೆ ತೂತೇ. ತೂತೆಂದರೆ ಎಲ್ಲಿ? ನಾನು ಓದಿದ ಭೌತಶಾಸ್ತ್ರವೆಲ್ಲ ಇದಕ್ಕೇ ಕಾದಿತ್ತೆಂಬಂತೆ ಎದ್ದು ಕೂತಿತು. ಗಿಟಾರನ್ನು ಕಿಟಕಿಯ ಸರಳಿಗೆ ದಾರದಿಂದ ತೂಗುಬಿಟ್ಟು ಅದರ ಗುರುತ್ವಕೇಂದ್ರ ಹುಡುಕಿದೆ. ಗ್ರಾಫ್ ಹಾಳೆಯ ಮೇಲೆ ಕುತ್ತಿಗೆಯ ಬುಡವನ್ನು ಮೂರು ಕಡೆಯಿಂದ ಬರೆದೆ. ನಾಲ್ಕು ಬಿಂದುಗಳನ್ನು ಗುರುತಿಸಿ ಅ, ಆ, ಇ, ಈ ಎಂದು ಹೆಸರಿಟ್ಟೆ. ‘ಈ’ ಎಂಬುದು ಕೆಳಮಗ್ಗುಲಿನಲ್ಲಿತ್ತು, ನೆಲಕ್ಕೆ ಮುಖ ಮಾಡಿದ್ದು. ಅಂದವಾಗಿಲ್ಲವೆಂದು ಅದನ್ನು ಮೊದಲ ದಿನವೇ ಹೊಡೆದುಹಾಕಿದೆ. ಉಳಿದ ಮೂರರ ನಡುವೆ ಎರಡು ತಿಂಗಳು ಓಡಾಡಿದೆ. ಲೆಕ್ಕವೆಲ್ಲ ಸರಿಯಾಗಿತ್ತು, ತೂತು ಮಾತ್ರ ಬಿದ್ದಿರಲಿಲ್ಲ. ತರಿಸಿಟ್ಟ ಹಿತ್ತಾಳೆಯ ಗುಂಡಿ, ಅದರ ತಿರುಪುಮೊಳೆಯೊಡನೆ, ಕಂಪಾಸ್ ಪೆಟ್ಟಿಗೆಯಲ್ಲಿತ್ತು. ರೇಣುಕಾ ವಾರಕ್ಕೊಮ್ಮೆ ಬಾಗಿಲಲ್ಲಿ ಇಣುಕಿ, “ಗುಂಡಿ ಹಚ್ಚಿದ್ರೇನ್ರಿ ಮಿಸ್?” ಎನ್ನುವಳು. “ಹಚ್ಚಾಕತ್ತೇನಿ” ಎನ್ನುವೆ. ಗುಂಡಿ ಹಚ್ಚುವುದು ನಡೆಯುತ್ತಲೇ ಇರುವ ಕೆಲಸವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಗ್ಯಾದರಿಂಗಿಗೆ ಮೂರು ವಾರವಿದ್ದಾಗ ಒಂದು ಸಂಜೆ ಆ ಕಂಪಾಸ್ ಪೆಟ್ಟಿಗೆ ತೆರೆದೆ. ಒಳಗೆ ಗುಂಡಿ ಉರುಳಿ ಟಿಣ್ ಎಂದಿತು. ಆ ಸದ್ದು ಎಲ್ಲಿಯದೆಂದು ಮೈಗೆ ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಅದು ಶಾಂತಾ ಅತ್ಯಾ ಗುಂಡಿ ಇಡುವ ಬಿಸ್ಕೀಟು ಡಬ್ಬಿಯ ಸದ್ದು.

ಶಾಂತಾ ಅತ್ಯಾ ನನ್ನ ಅಪ್ಪನ ಅಕ್ಕ. ಇರುವುದು ಬಸವನ ಬಾಗೇವಾಡಿಯಲ್ಲಿ. ದರ್ಜಿಗಳು ಹೊಲಿದ ಅಂಗಿಗಳು ಕಾಜಾ-ಗುಂಡಿಗೆಂದು ಅವಳ ಮನೆಗೆ ಬರುತ್ತವೆ. ಸೀಳು ಕತ್ತರಿಸಿ, ಅಂಚಿಗೆ ಕೈಯಿಂದ ದಾರ ಸುತ್ತಿ, ಗುಂಡಿ ಹಚ್ಚಿ ಕಳಿಸುವುದು ಅವಳ ಕೆಲಸ. ನಾನು ಹುಟ್ಟುವ ಮೊದಲಿಂದಲೂ ಮಾಡುತ್ತಿದ್ದಾಳೆ. ಬೇಸಿಗೆ ಸೂಟಿಗೆ ಅಲ್ಲಿಗೆ ಹೋದರೆ ನನ್ನ ಪಾಲಿನ ಕೆಲಸ ಸೂಜಿಗೆ ದಾರ ಪೋಣಿಸುವುದು. ಇಪ್ಪತ್ತು ಸೂಜಿಗಳಿಗೆ ದಾರ ಹಾಕಿ ಸಾಲಾಗಿ ದಿಂಬಿಗೆ ಚುಚ್ಚಿಡಬೇಕು, ಅವಳು ಒಂದೊಂದೇ ಎತ್ತಿಕೊಳ್ಳುತ್ತಾಳೆ. ಸುಜಾತಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಸೂಜಿ ಆದದ್ದು ಹಾಗೆ.

ಹತ್ತು ವರ್ಷದವಳಿದ್ದಾಗ ಒಮ್ಮೆ ಬಡ್ತಿ ಸಿಕ್ಕಿತು. ಅತ್ಯಾ ಯಾವುದೋ ಕೆಲಸಕ್ಕೆ ಹೊರಗೆ ಹೋಗುತ್ತ, ಮಾಸ್ತರರೊಬ್ಬರ ಅಂಗಿಗೆ ಗುಂಡಿ ಹಚ್ಚಲು ಹೇಳಿದಳು. ನಾನು ಸ್ಕೇಲು ತಂದು, ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಆರೂ ಗುಂಡಿಗಳನ್ನು ಸರಿಯಾಗಿ ಸಮ ಅಂತರದಲ್ಲಿ ಹಚ್ಚಿದೆ. ನೋಡಲು ಬಹಳ ಚೆನ್ನಾಗಿತ್ತು. ಅತ್ಯಾ ಬಂದು ಅಂಗಿಯ ಗುಂಡಿ ಹಾಕಿ ನೋಡಿದರೆ ಎದೆಯ ಹತ್ತಿರ ಬಟ್ಟೆ ಹೋಳಿಗೆಯಂತೆ ಉಬ್ಬಿ ನಿಂತಿತು. ಕಾಜಾಗಳು ಸಮ ಅಂತರದಲ್ಲಿರಲಿಲ್ಲ. ಎದೆಯ ಹತ್ತಿರ ಬಟ್ಟೆ ಜಗ್ಗುವುದರಿಂದ ಅಲ್ಲಿ ಒಂದನ್ನು ಅವಳು ತುಸು ಮೇಲೆ ಮಾಡಿದ್ದಳು. ನಾನು ಕಾಜಾ ಕಡೆ ನೋಡಿಯೇ ಇರಲಿಲ್ಲ.

“ಮೊದಲ ಕಾಜಾ, ಆಮ್ಯಾಲ ಗುಂಡಿ” ಎಂದಳು ಅತ್ಯಾ, ಬ್ಲೇಡಿನಿಂದ ನನ್ನ ದಾರಗಳನ್ನು ಕಡಿಯುತ್ತ. “ಕಾಜಾದಾಗಿಂದ ಖಡು ಹಾಕಿ ಗುರ್ತ ಮಾಡ್ಬೇಕು. ಎಲ್ಲಿ ಬೀಳ್ತೈತಿ ಅಲ್ಲೆ ಗುಂಡಿ. ನಿನ್ನ ಸ್ಕೇಲ ಹೇಳಿದಲ್ಲಿ ಅಲ್ಲ.”

ಮರುದಿನ ರವಿವಾರ. ಗಿಟಾರನ್ನು ಅತ್ಯಾ ಹೊಲಿದುಕೊಟ್ಟ ಕೌದಿಯಲ್ಲಿ ಸುತ್ತಿಕೊಂಡು ಬಾಗೇವಾಡಿಯ ಬಸ್ಸು ಹತ್ತಿದೆ. ಹೊರಗೆ ಒಯ್ಯದ ವಾದ್ಯಕ್ಕೆ ಚೀಲ ಯಾಕೆಂದು ಕೊಂಡಿರಲಿಲ್ಲ. ಮಗ್ಗುಲಲ್ಲಿ ಕೂತ ಅಜ್ಜಿ ನನ್ನ ತೊಡೆಯ ಮೇಲೆ ಅಡ್ಡ ಮಲಗಿದ್ದ ಕೌದಿಯನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ, “ಮಗಾ ಮಲಗೈತೇನವ್ವ?” ಎಂದು ಕೇಳಿದರು. ಅಲ್ಲ, ಗಿಟಾರು ಎಂದರೆ ಗಿಟಾರೆಂದರೇನು, ನೀನು ಯಾರ ಮಗಳು, ಮದುವೆಯಾಗಿದೆಯೆ ಎಂಬಲ್ಲಿಯವರೆಗೂ ಮಾತು ಹೋಗುತ್ತದೆಂದು ಹೆದರಿ, “ಹ್ಞೂಂ” ಎಂದುಬಿಟ್ಟೆ. ಮಾತು ಉಳಿಸಲು ಹೇಳಿದ ಸುಳ್ಳು ಎಷ್ಟು ಮಾತು ತರುತ್ತದೆಂದು ಆಗ ತಿಳಿಯಿತು.

“ಭಾಳ ಉದ್ದ ಐತಿ ಕೂಸು.”

“ಹ್ಞೂಂ ಅಜ್ಜಿ.”

“ಮಾರಿ ಮುಚ್ಚಬ್ಯಾಡ, ಉಸರ ಕಟ್ತೈತಿ.”

ಕೌದಿಯ ತುದಿಯನ್ನು ತುಸು ಸಡಿಲ ಮಾಡಿದೆ. ಹೂವಿನ ಹಿಪ್ಪರಗಿ ದಾಟಿದ ಮೇಲೆ ಬಸ್ಸು ಒಂದು ತೆಗ್ಗಿಗೆ ಬಿದ್ದೆದ್ದಿತು. ಕೌದಿಯೊಳಗಿಂದ ಆರೂ ತಂತಿಗಳು ಝುಂಯ್ ಎಂದವು. ಅಜ್ಜಿ ನನ್ನ ಮುಖ ನೋಡಿದರು. ಕೌದಿ ನೋಡಿದರು. “ಹೊಟ್ಟಿ ಹಸ್ತಿರಬೇಕು” ಎಂದು ಹೇಳಿ ಕಿಟಕಿಯ ಕಡೆ ತಿರುಗಿ, ಇಳಿಯುವವರೆಗೂ ಸೆರಗಿನಲ್ಲಿ ನಕ್ಕರು.

ಅತ್ಯಾ ಕಟ್ಟೆಯ ಮೇಲೆ ಬೆಳಕಿಗೆ ಬೆನ್ನು ಕೊಟ್ಟು ಕೂತಿದ್ದಳು. ನನ್ನ ಗ್ರಾಫ್ ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, ಮಡಚಿ ನನ್ನ ಕೈಗೇ ಕೊಟ್ಟಳು.

“ಇದರಾಗ ನೀ ಎಲ್ಲಿದ್ದಿ?”

“ಅಂದ್ರ?”

“ಸಾಮಾನೊಂದs ಬರದಿ. ಹಾಕ್ಕೊಳ್ಳಾಕಿ ಯಾರು? ಗ್ವಾಡಿ ಏನು? ಅಂಗಿ ಹೊಲ್ಯಾಕ ಮೈ ಬ್ಯಾಡ?” ಎಂದವಳೇ ಎದ್ದು, “ಏ ಮೌನೇಶಾ, ಬೈರಿಗಿ ತಗೊಂಡ ಬಾರೋ” ಎಂದು ಓಣಿಗೆ ಕೇಳುವ ಹಾಗೆ ಕೂಗಿದಳು.

ಮೌನೇಶ ಕಾಕಾ ಎದುರು ಮನೆಯ ಬಡಿಗ್ಯಾರರು. ಬಾಗಿಲು, ತೊಟ್ಟಿಲು ಮಾಡುವವರು. ಕೈಯಿಂದ ತಿರುವುವ ಬೈರಿಗೆ ಹಿಡಿದು ಬಂದರು. ಗಿಟಾರನ್ನು ಮಗುವಿನ ಹಾಗೆ ಎತ್ತಿಕೊಂಡು ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಒಡಲಿನ ಅಂಚಿನಲ್ಲಿ ಡಬ್ ಡಬ್ ಎಂದಿತು, ಕುತ್ತಿಗೆಯ ಬುಡದಲ್ಲಿ ಟಕ್ ಟಕ್.

“ಇಲ್ಲಿ ಹಪ್ಪಳ ಐತ್ರಿ ಅಕ್ಕಾರ” ಎಂದರು ಅಂಚು ಮುಟ್ಟಿ. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕಾರ ಎನ್ನುತ್ತಾರೆ. “ಇಲ್ಲಿ ಗಟ್ಟಿ ಐತಿ. ಕೊರದ್ರ ಇಲ್ಲೇ ಕೊರೀಬೇಕು. ಯಾವ ಮಗ್ಗಲಕ್ಕ ಅನ್ನೋದು ನಿಮಗ ಬಿಟ್ಟದ್ದು.”

ಮತ್ತೆ ನನಗೇ ಬಿಟ್ಟರು. ಆದರೆ ಅತ್ಯಾ ಬಿಡಲಿಲ್ಲ. ಬುಡದ ಗುಂಡಿಗೆ ಪಟ್ಟಿ ಸಿಕ್ಕಿಸಿ, ನನ್ನ ಬೆನ್ನ ಮೇಲಿಂದ ಎಡಹೆಗಲಿಗೆ ತಂದಳು. “ಬಾರಸಂಗ ನಿಂದರು” ಎಂದಳು. ನಿಂತೆ.

“ಹಂಗಲ್ಲ. ಫೋಟೋ ತಗಸಾಕ ನಿಂತಂಗ ನಿಂದರಬ್ಯಾಡ. ಹೆಗಲ ಇಳಸು. ಅದನ್ಯಾಕ ಗದ್ದಕ್ಕ ಏರಸ್ಕೊಂಡಿ, ಮಾರಿ ಮುಚ್ಚಾಕ?”

ಇಳಿಸಿದೆ. ಪಟ್ಟಿಯ ತುದಿ ಎಲ್ಲಿ ತಾನಾಗಿ ಬಂದು ಕೂತಿತೋ ಅಲ್ಲಿ, ಕಾಜಾದೊಳಗಿಂದ, ನೀಲಿ ಖಡುವಿನಿಂದ ಒಂದು ಗೀರು ಎಳೆದಳು. ಕುತ್ತಿಗೆಯ ಬುಡದ ಮೇಲಿನ ಮಗ್ಗುಲು. ನನ್ನ ಹಾಳೆಯಲ್ಲಿ ಅದು ‘ಅ’. ಎರಡು ತಿಂಗಳು ಅದೇ ಮೊದಲ ಸ್ಥಾನದಲ್ಲಿತ್ತು. ನನಗೆ ಒಳಗೆ ಸಣ್ಣ ಹೆಮ್ಮೆಯಾಯಿತು. ಮೌನೇಶ ಕಾಕಾ ಬೈರಿಗೆ ಎತ್ತಿದರು.

“ತಡಿಯೋ” ಎಂದಳು ಅತ್ಯಾ. “ಮೊದಲ ಕಚ್ಚಾ ಹಾಕಿ ನೋಡೂಣು.”

ಕಚ್ಚಾ ಎಂದರೆ ಅಂಗಿಯನ್ನು ಪಕ್ಕಾ ಹೊಲಿಯುವ ಮೊದಲು ಹಾಕುವ ದೊಡ್ಡ ದೊಡ್ಡ ಹೊಲಿಗೆ. ಸರಿ ಬರದಿದ್ದರೆ ಜಗ್ಗಿ ತೆಗೆದುಬಿಡಬಹುದು. ಅತ್ಯಾ ದಪ್ಪ ದಾರವನ್ನು ಕಾಜಾದಲ್ಲಿ ತೂರಿಸಿ, ಕುತ್ತಿಗೆಗೆ ಸುತ್ತಿ, ಪಟ್ಟಿಯ ತುದಿ ನೀಲಿ ಗೀರಿನ ಮೇಲೆಯೇ ಕೂರುವ ಹಾಗೆ ಬಿಗಿದಳು. “ಈಗ ಕೈ ಬಿಡು.”

ಬಿಟ್ಟೆ. ಗಿಟಾರು ನಿಧಾನಕ್ಕೆ ಮುಂದಕ್ಕೆ ವಾಲಿ, ಮುಖವನ್ನು ನೆಲಕ್ಕೆ ಹಾಕಿಕೊಂಡು ನಿಂತಿತು.

ಅತ್ಯಾ ಸೊಂಟದ ಮೇಲೆ ಕೈ ಇಟ್ಟು ನಕ್ಕಳು. “ನೋಡು ಮೌನೇಶಾ. ಮಾಲಕಿನಂಗs ಐತಿ. ಮಂದಿ ಕಂಡ್ರ ತಲಿ ಕೆಳಗ.”

ಮೌನೇಶ ಕಾಕಾ ನಗು ಮುಚ್ಚಲು ಬೈರಿಗೆಯ ಹಿಡಿ ಒರೆಸತೊಡಗಿದರು. ನನ್ನ ಕಿವಿ ಬಿಸಿಯಾಯಿತು. ಕೊರೆಸಿದ್ದರೆ, ರೇಣುಕಾ ಬಯಸಿದ ಹಾಗೆ ನಾನು ನಿಂತಿರುತ್ತಿದ್ದೆ, ಆದರೆ ಹಾಡಿನುದ್ದಕ್ಕೂ ಒಂದು ಕೈ ಗಿಟಾರಿನ ಗದ್ದ ಎತ್ತಿ ಹಿಡಿಯುವುದರಲ್ಲಿಯೇ ಹೋಗುತ್ತಿತ್ತು.

“ಕಾಜಾ ಹೇಳಿದಲ್ಲೇ ಬಿತ್ತಲ್ಲ ಅತ್ಯಾ?”

“ಕಾಜಾ ನೇರ ಬಂದ್ರ ಅಲ್ಲಿ ಬೀಳ್ತೈತಿ. ಸೆರಗ ನೇರ ಬಿಟ್ರ ಜಾರತೈತಿಲ್ಲ? ಹಿಂದಿಂದ ಸುತ್ತಿ ತಂದ ಸಿಗಿಸಿದ್ರ ನಿಂದರತೈತಿ.”

ದಾರ ಕಡಿದಳು. ಪಟ್ಟಿಯ ತುದಿಯನ್ನು ಕುತ್ತಿಗೆಯ ಹಿಂದಿನಿಂದ ಸುತ್ತಿಸಿ ಕೆಳಮಗ್ಗುಲಿಗೆ ತಂದು ಮತ್ತೆ ಕಚ್ಚಾ ಹಾಕಿದಳು. ಕೈ ಬಿಟ್ಟೆ. ಪಟ್ಟಿ ಹಿಂದಿನಿಂದ ಒತ್ತಿ ಹಿಡಿಯಿತು. ಗಿಟಾರು ನನ್ನ ಮೈಗೆ ಆತು, ಮುಖ ಎತ್ತಿ, ಓಣಿಯ ಕಡೆ ನೋಡುತ್ತ ನಿಂತಿತು. ಕಾಜಾದೊಳಗಿಂದ ಬಿದ್ದ ಎರಡನೇ ಗೀರು ನನ್ನ ಹಾಳೆಯ ‘ಈ’. ಅಂದವಾಗಿಲ್ಲವೆಂದು ಮೊದಲ ದಿನವೇ ಹೊಡೆದುಹಾಕಿದ್ದು. ಗ್ರಾಫ್ ಹಾಳೆಗಳನ್ನು ಚೀಲದೊಳಗೆ ಇನ್ನೂ ಆಳಕ್ಕೆ ತಳ್ಳಿದೆ.

ತಿರುಪುಮೊಳೆಯನ್ನು ಬೈರಿಗೆಯ ಮೊನೆಗೆ ಹಿಡಿದು ಅಳೆದು, ಎಷ್ಟು ಆಳ ಹೋಗಬೇಕೋ ಅಲ್ಲಿಗೆ ಅತ್ಯಾನಿಂದ ಕೆಂಪು ದಾರ ಇಸಿದುಕೊಂಡು ಸುತ್ತಿದರು ಮೌನೇಶ ಕಾಕಾ. “ದಾರ ಕಟಿಗಿ ಮುಟ್ಟಿದ ಕೂಡ್ಲೆ ನಿಂದರಬೇಕು” ಎಂದು ಹೇಳಿ, ಬೈರಿಗೆಯನ್ನು ನನ್ನ ಕೈಗೆ ಕೊಟ್ಟರು.

“ನಾನಾ?”

“ನಿಮ್ಮ ಸಾಮಾನ ಐತಿ. ನಾ ಕೊರದ್ರ ಆಯುಷ್ಯ ಪೂರ್ತಿ ನನ್ನ ಹೆಸರ ಹೇಳ್ತೀರಿ. ಹಿಡದಿರ್ತೇನಿ, ತಿರುವ್ರಿ.”

ಅತ್ಯಾ ದಿಂಬಿನಿಂದ ಒಂದು ಸೂಜಿ ಎತ್ತಿಕೊಂಡು ಕಾಜಾ ಮಾಡುತ್ತಿದ್ದ ಅಂಗಿಗೆ ತಿರುಗಿದಳು. ನಾನು ಲ್ಯಾಬಿನ ಮುಚ್ಚಿದ ಬಾಗಿಲನ್ನು ನೆನೆದೆ, ಹಾರದ ರಾಶಿಯ ಮೇಜನ್ನು ನೆನೆದೆ, ಮೊನೆಯನ್ನು ಗೀರಿನ ಮೇಲಿಟ್ಟು ತಿರುವಿದೆ. ಮೊದಲ ಸುತ್ತಿಗೆ ಬಣ್ಣದ ಹೊಪ್ಪಳಿಕೆ ಎದ್ದಿತು. ಆಮೇಲೆ ಕೆಂಪಗಿನ ಪುಡಿ ಬರತೊಡಗಿತು, ಪೆನ್ಸಿಲು ಕೆತ್ತಿದ ವಾಸನೆ. ದಾರ ಕಟ್ಟಿಗೆಗೆ ತಾಕಿದ ಕೂಡಲೇ ನಿಂತೆ. ಮೌನೇಶ ಕಾಕಾ ತಿರುಪುಮೊಳೆಗೆ ಬಟ್ಟೆಸಾಬೂನು ಉಜ್ಜಿಕೊಟ್ಟರು, ಬಿಗಿ ಕಟ್ಟಿಗೆಯಲ್ಲಿ ಸಲೀಸಾಗಿ ಹೋಗಲೆಂದು. ಗುಂಡಿಯ ಕೆಳಗಿಡಲು ಅತ್ಯಾ ಅಂಗಿಯ ಕಾಲರಿಗೆ ಹಾಕುವ ಕ್ಯಾನ್ವಾಸಿನಲ್ಲಿ ಒಂದು ದುಂಡನೆ ಚೂರು ಕತ್ತರಿಸಿದಳು. ಗುಂಡಿ ಕೂತಿತು. ಕೆಳಗಿನ ಗೀರು ಕ್ಯಾನ್ವಾಸಿನಡಿ ಹೋಯಿತು, ಮೇಲಿನದು ಉಳಿಯಿತು.

ಮೂರು ವಾರ ನಿಂತೇ ಅಭ್ಯಾಸ ಮಾಡಿದೆವು. ಒಡತಿಯನ್ನು ಕೇಳಿ ಖೋಲಿಯ ಗೋಡೆಗೆ ಒಂದು ಮೊಳೆಯನ್ನೂ ಹೊಡೆದೆ, ಪಟ್ಟಿ ತೂಗುಹಾಕಲು.

ಗ್ಯಾದರಿಂಗಿನ ದಿನ ಮಧ್ಯಾಹ್ನ ಅತ್ಯಾ ಬಾಗೇವಾಡಿಯಿಂದ ಬಂದು ಎರಡನೇ ಸಾಲಿನಲ್ಲಿ ಕೂತಳು. ನಾವು ಆರು ಜನ ಮೇಜಿನ ಮುಂದೆ, ವೇದಿಕೆಯ ಅಂಚಿಗೆ ನಿಂತೆವು. ಮೈಕಿನವನು ಬಂದು ಕೈ ಚಾಚಿದ.

“ಪೆನ್‌ಡ್ರೈವ್ ಕೊಡ್ರಿ ಮೇಡಂ.”

“ಈ ಸಲ ಇಲ್ರಿ ಅಣ್ಣಾ” ಎಂದಳು ರೇಣುಕಾ. “ಹೋದ ಸಲಾನೂ ಇರಲಿಲ್ಲ.”

ಅವನು ಅವಳನ್ನು ನೋಡಿದ, ಗಿಟಾರನ್ನು ನೋಡಿದ, ಹೋದ ವರ್ಷದ ಚಪ್ಪಾಳೆಯ ಲೆಕ್ಕ ಕೂಡಿದಂತಾಗಿ ನಾಲಗೆ ಕಚ್ಚಿಕೊಂಡ. ಇನ್ನೊಂದು ಮೈಕು ತಂದು ನನ್ನ ಮುಂದೆಯೇ ನಿಲ್ಲಿಸಿದ.

ಹಾಡು ಶುರುವಾಯಿತು. ಎರಡು ಸಾಲು ತಂತಿಗಳನ್ನೇ ನೋಡುತ್ತ ನುಡಿಸಿದೆ. ಮೂರನೆಯ ಸಾಲಿಗೆ, ಗಿಟಾರು ತಾನಾಗಿ ನಿಂತಿದೆಯೆಂದು ಮೈಗೆ ನಂಬಿಕೆ ಬಂದು, ತಲೆ ಎತ್ತಿದೆ. ಇಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ಅದೇ ಮೊದಲು. ಎರಡನೇ ಸಾಲಿನಲ್ಲಿ ಅತ್ಯಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು, ನನ್ನ ಮುಖವನ್ನಲ್ಲ, ಗುಂಡಿಯನ್ನು. ನನಗೆ ನಗು ಬಂತು, ಬೆರಳು ಒಂದು ತಂತಿ ಆಚೆ ಬಿತ್ತು. ಊರಿಗೆಲ್ಲ ಕೇಳುವ ಅಪಸ್ವರ. ರೇಣುಕಾ ಸಾಲನ್ನು ಇನ್ನೊಮ್ಮೆ ತಿರುಗಿ ಹಾಡಿ ನನ್ನನ್ನು ಎತ್ತಿಕೊಂಡಳು. ಮತ್ತೆ ಬೀಸುಕಲ್ಲು ತಿರುಗಿತು, ಕೊನೆಯವರೆಗೂ ತಿರುಗಿತು.

ಚಪ್ಪಾಳೆ ನಿಂತ ಮೇಲೆ ಹೆಡ್‌ಮಾಸ್ತರರು ನನ್ನ ಹತ್ತಿರವೇ ಬಂದರು. “ಚಲೋ ಆತ್ರಿ ಅಕ್ಕಾರ. ಆದ್ರ ನಡುವ ಒಂದ ಕಡೆ ತಪ್ಪಿದ್ರಿ, ಹೌದಿಲ್ಲೋ?”

ಎರಡನೇ ಸಾಲಿನಿಂದ ಅತ್ಯಾ ಎದ್ದೇಬಿಟ್ಟಳು. “ಬೆರಳ ತಪ್ಪೇತ್ರಿ. ಗುಂಡಿ ತಪ್ಪಿಲ್ಲ.”

ಪೆನ್‌ಡ್ರೈವು ತಪ್ಪುವುದಿಲ್ಲ. ರೇಣುಕಾಳ ಕಡೆ ನೋಡಿದೆ. ಅವಳಿಗೂ ಅದೇ ಹೊಳೆದಿತ್ತು, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಳು.

“ಹೌದ್ರಿ ಸರ್, ಮೂರನೇ ಸಾಲಿನ್ಯಾಗ” ಎಂದೆ, ಮೈಕು ಇನ್ನೂ ಮುಂದೆಯೇ ಇತ್ತು. “ತಪ್ಪಿದ್ದು ನಾನs.”

ಸಭೆ ನಕ್ಕಿತು, ಮತ್ತೆ ಚಪ್ಪಾಳೆ ಹೊಡೆಯಿತು. ಗಿಟಾರು ಹೆಗಲ ಮೇಲೇ ಇತ್ತು, ಮುಖ ಎತ್ತಿಕೊಂಡು. ಎರಡೂ ಕೈ ಬಿಡುವಾಗಿದ್ದವು. ಜೋಡಿಸಿ, ಮೂರು ದಿಕ್ಕಿಗೂ ನಮಸ್ಕಾರ ಮಾಡಿದೆ.